ಏಣಿಯ ಅರವತ್ತನಾಲ್ಕು ಚೂರು

ಒಂದು ಚೂರಿನ ಬೆಲೆ ಐದು ಗಂಟೆ. ಏಣಿಯ ಕಾಲಿನಿಂದ ಉಗುರಿನಷ್ಟು ಚೂರನ್ನು ಗರಗಸದಲ್ಲಿ ಕತ್ತರಿಸಲು ಅರ್ಧ ಗಂಟೆ. ಅದನ್ನು ರಾಳದ ಬಿಲ್ಲೆಯಲ್ಲಿ ಹೂತು, ಗಟ್ಟಿಯಾಗಲು ಬಿಟ್ಟು, ಮಾರನೆಯ ದಿನ ಐದು ಬಗೆಯ ಎಮರಿ ಪೇಪರಿನ ಮೇಲೆ ಒರಟಿನಿಂದ ನುಣುಪಿನವರೆಗೆ ಉಜ್ಜಲು ಎರಡು ಗಂಟೆ. ವಜ್ರದ ಪುಡಿಯ ಪೇಸ್ಟ್ ಹಚ್ಚಿದ ಬಟ್ಟೆಯ ಮೇಲೆ ಕನ್ನಡಿಯಾಗುವ ತನಕ ತಿರುಗಿಸಲು ಇನ್ನೆರಡು. ತೊಳೆದು, ಒರೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಫೋಟೋ ತೆಗೆಯಲು ಅರ್ಧ. ಇಂಥ ಅರವತ್ತನಾಲ್ಕು ಚೂರು ಬೇಕು. ಒಟ್ಟು ಮುನ್ನೂರಿಪ್ಪತ್ತು ಗಂಟೆ. ಅಂಥದೇ ಒಂದು ಚೂರಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಲು ನಾಲ್ಕು ನಿಮಿಷ.

ಈ ಲೆಕ್ಕವನ್ನು ಅವನು ಮೊದಲ ಸಲ ಹಾಕಿದ್ದು ಕೆಟ್ಟ ಬುದ್ಧಿಯಿಂದಲ್ಲ, ಹೊಟ್ಟೆಯುರಿಯಿಂದ. ಆ ದಿನ ಬೆಳಿಗ್ಗೆ ಇಬ್ಬರು ಅಳತೆ ಟೇಪು ಹಿಡಿದು ಪ್ರಯೋಗಾಲಯದಲ್ಲಿದ್ದ ಅವನ ಕೋಣೆಗೆ ಬಂದಿದ್ದರು. ಅವನು ಕುರ್ಚಿಯಲ್ಲಿ ಕೂತೇ ಇದ್ದ. "ಸ್ವಲ್ಪ ಕಾಲೆತ್ತಿ ಸರ್" ಎಂದು ಅವನ ಕಾಲ ಕೆಳಗಿಂದಲೇ ಟೇಪು ಎಳೆದು, ಅಗಲ ಬರೆದುಕೊಂಡು, ಬಾಗಿಲ ಚೌಕಟ್ಟನ್ನು ಒಮ್ಮೆ ಬಡಿದು ನೋಡಿ ಹೋದರು. ಯಾಕೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಜಾರದ ಆಚೆ ತುದಿಯಲ್ಲಿ, ವಸ್ತುಗಳನ್ನು ಎಳೆದು, ಬಗ್ಗಿಸಿ, ಮುರಿದು ಪರೀಕ್ಷಿಸುವ ವಿಭಾಗವಿತ್ತು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮುರಿಯುವ ಮೇಡಂ ಎನ್ನುತ್ತಿದ್ದರು. ಆಕೆಗೊಂದು ದೊಡ್ಡ ಹೊಸ ಯಂತ್ರ ಬರುವುದಿತ್ತು.

ಟೀ ಹೊತ್ತಿಗೆ ಮೇಡಂ ತಾನಾಗಿಯೇ ವಿಷಯ ತೆಗೆದಳು.

"ಸರಾಸರಿ ಸರ್, ನಿಮ್ಮ ರೂಮು ಹನ್ನೊಂದಡಿ ಅಗಲ ಇದೆಯಂತಲ್ಲ! ನನ್ನ ಮೆಷೀನು ಹತ್ತೂವರೆ. ಹೇಳಿ ಮಾಡಿಸಿದ ಹಾಗಿದೆ."

ಸರಾಸರಿ ಸರ್ ಎಂಬುದು, ಎಲ್ಲಕ್ಕೂ ಸರಾಸರಿ ಲೆಕ್ಕ ಹಾಕುವ ಅವನಿಗೆ ಬೆನ್ನ ಹಿಂದೆ ಹುಟ್ಟಿ, ಕ್ರಮೇಣ ಮುಂದೆಯೂ ಓಡಾಡತೊಡಗಿದ್ದ ಹೆಸರು.

"ಮುರಿದು ನೋಡೋದಕ್ಕೆ ತಲೆ ಬೇಕಾಗಿಲ್ಲ ಮೇಡಂ" ಎಂದ ಅವನು, ನಗುತ್ತಲೇ.

"ಹೂಂ ಸರ್. ಅದಕ್ಕೇ ಅದು ಸುಳ್ಳು ಹೇಳಲ್ಲ" ಎಂದು ಆಕೆ ಬಿಸ್ಕತ್ತನ್ನು ಟೀಗೆ ಅದ್ದಿದಳು. ಸುತ್ತಲಿದ್ದವರು ನಕ್ಕರು. ಯಾರು ಯಾರು ನಕ್ಕರೆಂದು ಅವನು ಎಣಿಸಿಟ್ಟುಕೊಂಡ. ಏಳು ಜನ.

ಹತ್ತೊಂಬತ್ತು ವರ್ಷದಿಂದ ಅವನು ಹೇಳುತ್ತಿದ್ದುದು ಒಂದೇ ಮಾತು. ವಸ್ತುವನ್ನು ಮುರಿಯಬೇಡಿ, ಅದರ ಒಳಗನ್ನು ಓದಿ. ಕಾಂಪೋಸಿಟ್ ಎಂದರೆ ನಾರು ಮತ್ತು ರಾಳದ ಸಂಸಾರ. ಕೂದಲಿಗಿಂತ ತೆಳ್ಳಗಿನ ಲಕ್ಷಾಂತರ ನಾರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ, ರಾಳ ಅವನ್ನು ಹಿಡಿದಿಟ್ಟಿರುತ್ತದೆ. ಅಡ್ಡ ಕೊಯ್ದು ನೋಡಿದರೆ ಬೂದು ನೆಲದ ಮೇಲೆ ಬಿಳಿ ಚುಕ್ಕಿಗಳು. ಚುಕ್ಕಿಗಳು ಹದವಾಗಿ ಹರಡಿಕೊಂಡಿದ್ದರೆ ಸಂಸಾರ ಗಟ್ಟಿ. ಒಂದು ಕಡೆ ಗುಂಪುಕಟ್ಟಿ, ಇನ್ನೊಂದು ಕಡೆ ಬರೀ ರಾಳ ನಿಂತು ಕೆರೆಯಂತಾದರೆ ಬಿರುಕು ಅಲ್ಲಿಂದಲೇ ಶುರು. ಹಾಗಾದರೆ ಹರಡಿಕೆಯನ್ನು ಅಳೆಯುವುದು ಹೇಗೆ? ಚಿತ್ರದ ಮೇಲೆ ಒಂದು ಕಡ್ಡಿ ಎಸೆಯಿರಿ. ಎರಡೂ ತುದಿ ನಾರಿನ ಮೇಲೆ ಬಿತ್ತೇ? ಬರೆದುಕೊಳ್ಳಿ. ಲಕ್ಷ ಸಲ ಎಸೆಯಿರಿ. ಕಡ್ಡಿಯ ಉದ್ದ ಬದಲಿಸಿ ಮತ್ತೆ ಎಸೆಯಿರಿ. ಕೊನೆಗೆ ಸಿಗುವ ಅಂಕಿಗಳ ಸಾಲೇ ಆ ವಸ್ತುವಿನ ಸ್ವಭಾವ. ಆ ಸಾಲು ಗೊತ್ತಿದ್ದರೆ ಅದು ಎಷ್ಟು ವರ್ಷ ಬಾಳುತ್ತದೆಂದು ಹೇಳಬಹುದು, ಬೇಕಾದ ಸ್ವಭಾವದ ಹೊಸ ವಸ್ತುವನ್ನು ಕಂಪ್ಯೂಟರಿನಲ್ಲೇ ಮೊದಲು ಕಟ್ಟಿ ನೋಡಬಹುದು. ಕಡ್ಡಿ ಎಸೆಯುವುದೂ ಕಂಪ್ಯೂಟರೇ, ಎಣಿಸುವುದೂ ಅದೇ. ಆದರೆ ಕಡ್ಡಿಯ ಮಾತು ಕೇಳಿದವರೆಲ್ಲ ತಲೆಯಾಡಿಸಿ, ಕೊನೆಗೆ ಹಜಾರದ ಆಚೆ ತುದಿಗೇ ಹೋಗುತ್ತಿದ್ದರು.

ಅಗ್ನಿಶಾಮಕ ಇಲಾಖೆಯವರು ಮಾತ್ರ ಹೋಗಲಿಲ್ಲ. ಅವರಿಗೆ ಕಾಂಪೋಸಿಟ್‌ನ ಹಗುರವಾದ ಏಣಿ ಬೇಕಿತ್ತು, ಹತ್ತು ವರ್ಷ ಹತ್ತಿ ಇಳಿದರೂ ಸೋಲದಂಥದು. ಮೇಡಂ ಮೂರು ಏಣಿಗಳನ್ನು ಮುರಿದು ನೋಡಿ, ಬೇಕಾದ್ದಕ್ಕಿಂತ ಹೆಚ್ಚೇ ಭಾರ ತಡೆದವು ಎಂದು ಬರೆದುಕೊಟ್ಟಿದ್ದಳು. ಆದರೆ ಮುರಿತ ಇವತ್ತಿನ ಬಲ ಹೇಳುತ್ತದೆ, ಹತ್ತು ವರ್ಷದ್ದಲ್ಲ. ಅದಕ್ಕೆ ಅವನ ಲೆಕ್ಕವೇ ಬೇಕು. ಏಣಿಯ ಅರವತ್ತನಾಲ್ಕು ಜಾಗದಿಂದ ಚೂರು ತೆಗೆದು ಫೋಟೋ ಕೊಡಿ, ಅಂಕಿಗಳು ಸರಿಯಿದ್ದರೆ ಸಹಿ ಎಂದಿದ್ದರು ಇಲಾಖೆಯವರು. ನಿರ್ದೇಶಕರೂ ಬಾಗಿಲು ಹಾಕಿಕೊಂಡು ಅವನಿಗೆ ನೇರವಾಗಿ ಹೇಳಿದ್ದರು: "ಈ ಏಣಿ ಪಾಸಾದ್ರೆ ನಿಮ್ಮ ರೂಮಿನ ಸುದ್ದಿಗೆ ಯಾರೂ ಬರಲ್ಲ. ಆಗ್ಲಿಲ್ಲ ಅಂದ್ರೆ ನನ್ನನ್ನ ಕೇಳಬೇಡಿ."

ಚೂರುಗಳನ್ನು ಉಜ್ಜುವವಳು ಕನ್ನಡಿಯಕ್ಕ. ಆಕೆ ಉಜ್ಜಿದ ಚೂರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂಬುದು ಪ್ರಯೋಗಾಲಯದ ಹಳೆಯ ತಮಾಷೆ. ಒಂಬತ್ತು ಚೂರು ಮುಗಿಸಿ, ಹತ್ತನೆಯದಕ್ಕೆ ನೀರು ಹಾಕಲು ಎದ್ದವಳು ಒದ್ದೆ ನೆಲದಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಕಟ್ಟು. ಇಲಾಖೆಯವರು ಬರುವುದು ಐದು ವಾರಕ್ಕೆ.

ಆ ಒಂಬತ್ತು ಚೂರಿನ ಫೋಟೋ ತೆಗೆದವನು ಅವನೇ. ಏಳು ಚೆನ್ನಾಗಿದ್ದವು. ಎರಡರಲ್ಲಿ ಕೆರೆಗಳಿದ್ದವು.

ಅವನು ಆ ಎರಡನ್ನು ಬಹಳ ಹೊತ್ತು ನೋಡುತ್ತ ಕೂತ. ನಾರುಗಳು ಸಂತೆಯಲ್ಲಿ ಜಗಳ ನೋಡಲು ಸೇರಿದ ಜನರಂತೆ ಒಂದೆಡೆ ಒತ್ತಿಕೊಂಡಿದ್ದವು. ಪಕ್ಕದಲ್ಲಿ ಬರೀ ರಾಳ. ಒಂಬತ್ತಕ್ಕೆ ಎರಡು. ಇದನ್ನು ಕೊಟ್ಟರೆ ಏಣಿಯ ವಿನ್ಯಾಸ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ವರ್ಷದೊಳಗೆ ಈ ಕೋಣೆಯಲ್ಲಿ ಹತ್ತೂವರೆ ಅಡಿಯ ಯಂತ್ರ ನಿಂತಿರುತ್ತದೆ. ಕೊಡದಿದ್ದರೆ? ಏಣಿ ಸಾವಿರ ಸಲ ಹತ್ತಿದಾಗ ಬಿರುಕು ಬಿಡಬಹುದು, ಹತ್ತು ಸಾವಿರ ಸಲ ಹತ್ತಿದರೂ ಬಿಡದಿರಬಹುದು. 'ಬಹುದು' ಎಂಬ ಪದದ ಮೇಲೆಯೇ ಅವನು ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದ. ಇನ್ನೊಂದು ಸಲ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ಯೋಜನೆ ಎರಡು ದಿನದಲ್ಲಿ ಸಿದ್ಧವಾಯಿತು. ಕೊಲೆ ಮಾಡಿದವನಿಗೆ ಹೆಣ ಬಚ್ಚಿಡುವ ಚಿಂತೆ ಇರುತ್ತದೆ. ಇಲ್ಲಿ ಆ ತೊಂದರೆಯೂ ಇರಲಿಲ್ಲ. ನಿಯಮದ ಪ್ರಕಾರ, ಫೋಟೋ ತೆಗೆದ ಮೇಲೆ ಪ್ರತಿ ಚೂರನ್ನೂ ಕುಲುಮೆಯಲ್ಲಿ ಸುಡಬೇಕು. ರಾಳ ಉರಿದುಹೋಗಿ ಉಳಿದ ನಾರನ್ನು ತೂಗಿ, ನೂರಕ್ಕೆ ಎಷ್ಟು ನಾರಿದೆ ಎಂದು ಬರೆಯಬೇಕು. ಅಂದರೆ ಸಾಕ್ಷಿಯನ್ನು ಸುಡುವುದೇ ಕೆಲಸದ ಒಂದು ಭಾಗ. ಅವನು ಉಳಿದ ಐವತ್ತೈದು ಚೂರುಗಳನ್ನು ನಿಜವಾಗಿಯೂ ಕತ್ತರಿಸುತ್ತಾನೆ, ಉಜ್ಜದೆ ಸುಡುತ್ತಾನೆ, ನಿಜವಾದ ತೂಕ ಬರೆಯುತ್ತಾನೆ. ಕೆರೆಯಿದ್ದ ಎರಡೂ ಅದೇ ಬೆಂಕಿಗೆ. ಸುಳ್ಳು ಇರುವುದು ಒಂದೇ ಕಡೆ, ಫೋಟೋದಲ್ಲಿ. ಏಳು ಒಳ್ಳೆಯ ಚಿತ್ರಗಳ ಅಂಕಿಸಾಲು ಅವನ ಬಳಿ ಇದೆ. ಏಳು ಜನರ ಮುಖಲಕ್ಷಣ ಹಿಡಿದು ಐವತ್ತೇಳು ಜನ ನೆಂಟರನ್ನು ಹುಟ್ಟಿಸಿದಂತೆ, ಅದೇ ಸ್ವಭಾವದ ಐವತ್ತೇಳು ಚಿತ್ರಗಳನ್ನು ಅವನ ಪ್ರೋಗ್ರಾಂ ಹುಟ್ಟಿಸುತ್ತದೆ. ಯಾರು ಬಂದು ಎಷ್ಟು ಕಡ್ಡಿ ಎಸೆದರೂ ಅವು ಒಂದೇ ವಂಶದವು ಎನ್ನಲೇಬೇಕು.

ಬರಿಯ ಚುಕ್ಕಿಗಳಾದರೆ ಸಾಲದು. ಕಂಪ್ಯೂಟರಿನ ಚುಕ್ಕಿ ತೀರಾ ದುಂಡಗಿರುತ್ತದೆ, ತೀರಾ ಬೆಳ್ಳಗಿರುತ್ತದೆ. ಅವನು ಪ್ರತಿ ಚುಕ್ಕಿಯ ಅಂಚನ್ನೂ ತುಸು ಒರಟಾಗಿಸಿದ. ಹಳೆಯ ಫೋಟೋಗಳಿಂದ ಗೀರುಗಳನ್ನು ಎತ್ತಿ ತಂದು ಬೇರೆ ಬೇರೆ ಕೋನದಲ್ಲಿ ಎಳೆದ. ಸೂಕ್ಷ್ಮದರ್ಶಕದ ದೀಪ ಮೇಲಂಚಿನಲ್ಲಿ ಸ್ವಲ್ಪ ಮಂಕು. ಎಲ್ಲ ಚಿತ್ರಕ್ಕೂ ಆ ಮಂಕು ಕೊಟ್ಟ. ಎಲ್ಲವೂ ಚೆನ್ನಾಗಿದ್ದರೆ ಅನುಮಾನ ಬರುತ್ತದೆಂದು ಮೂರು ಚಿತ್ರಗಳನ್ನು ಬೇಕೆಂದೇ ಸುಮಾರಾಗಿಸಿದ. ಒಂದರಲ್ಲಿ ಕೂದಲೆಳೆಯಷ್ಟು ಧೂಳು ಕೂರಿಸಿದ. ಆ ಧೂಳಿನ ಬಗ್ಗೆ ಅವನಿಗೆ ವಿಶೇಷ ಪ್ರೀತಿ ಹುಟ್ಟಿತು.

ಉಜ್ಜಿದ್ದಕ್ಕೆ ಗುರುತು ಬೇಡವೇ? ದಿನವೂ ಮಧ್ಯಾಹ್ನ ಉಜ್ಜುವ ಕೋಣೆಗೆ ಹೋಗಿ, ಚಕ್ರ ತಿರುಗಿಸಿ, ಯಾವುದೋ ಹಳೆಯ ಹಲಗೆಯ ತುಂಡನ್ನು ಅದರ ಮೇಲೆ ಹಿಡಿದು ನಿಲ್ಲುತ್ತಿದ್ದ. ಎಮರಿ ಪೇಪರು ಖರ್ಚಾಗಬೇಕು, ವಜ್ರದ ಪೇಸ್ಟು ಇಳಿಯಬೇಕು, ಚಕ್ರದ ಸದ್ದು ಹಜಾರಕ್ಕೆ ಕೇಳಬೇಕು, ತನ್ನ ಉಗುರು ಕಪ್ಪಾಗಬೇಕು. ಹೋಗುವಾಗ ಬಾಗಿಲನ್ನು ಅರ್ಧ ತೆರೆದೇ ಇಡುತ್ತಿದ್ದ. ಮೇಡಂ ಎರಡು ಸಲ ಇಣುಕಿದಳು. ಒಂದು ಸಲ "ಅಯ್ಯೋ, ಲೆಕ್ಕದ ಕೈಗೆ ಬೊಬ್ಬೆ ಬಂದೀತು ಸರ್" ಎಂದಳು. ಇನ್ನೊಂದು ಸಲ ಏನೂ ಹೇಳಲಿಲ್ಲ. ಆ ಎರಡನೆಯ ಸಲದ ಮೌನ ಅವನನ್ನು ಮೂರು ದಿನ ಕಾಡಿತು. ಯಾಕೆ ಹೇಳಲಿಲ್ಲ? ಮಾತಿನ ಮಲ್ಲಿ ಸುಮ್ಮನಿದ್ದಳೆಂದರೆ ಏನೋ ಕಂಡಿರಬೇಕು. ನಾಲ್ಕನೆಯ ದಿನ ಆಕೆಗೆ ಹಲ್ಲುನೋವಿತ್ತೆಂದು ತಿಳಿಯಿತು. ನಿಜವಾದ ಹಲ್ಲುನೋವೇ ಎಂದು ಆಗಲೂ ಒಂದು ಅನುಮಾನ ಉಳಿಯಿತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು: "ಏನ್ರೀ, ಈಚೆಗೆ ಏನೋ ನಡೀತಿದೆ ನಿಮ್ದು."

"ಏನಿಲ್ಲವಲ್ಲ."

"ನಿನ್ನೆ ಎಷ್ಟೊತ್ತಿಗೆ ಹೊರಟ್ರಿ ಆಫೀಸಿಂದ?"

"ಆರೂ ಹದಿನೇಳಕ್ಕೆ."

"ನೋಡಿ, ಅದೇ! ನಿಜ ಹೇಳೋವಾಗ ನೀವು ಆರೂಕಾಲು ಅಂತೀರಿ. ಸುಳ್ಳು ಹೇಳೋವಾಗಲೇ ನಿಮಿಷದ ಲೆಕ್ಕ ಬರೋದು."

ಅವನು ನಕ್ಕು ತಪ್ಪಿಸಿಕೊಂಡ. ಆದರೆ ಮಾರನೆಯ ದಿನ ಕೆಲಸದ ದಿನಚರಿ ಪುಸ್ತಕ ತೆಗೆದು, ತಾನು ಬರೆದಿದ್ದ 'ಎರಡು ಗಂಟೆ ಹದಿಮೂರು ನಿಮಿಷ', 'ಒಂದು ಗಂಟೆ ಐವತ್ತೆರಡು ನಿಮಿಷ' ಎಂಬ ಹೊತ್ತುಗಳನ್ನೆಲ್ಲ ನೋಡಿ, ಹೊಸ ಹಾಳೆಯಲ್ಲಿ 'ಸುಮಾರು ಎರಡು ಗಂಟೆ' ಎಂದು ಮತ್ತೆ ಬರೆದ. ಹೆಂಡತಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿದ.

ಎಲ್ಲರಿಗಿಂತ ಹೆಚ್ಚು ಅವನು ಹೆದರಿದ್ದು ಕನ್ನಡಿಯಕ್ಕನಿಗೆ. ಆಕೆ ಓದಿದ್ದು ಕಡಿಮೆ, ನೋಡಿದ್ದು ಹೆಚ್ಚು. ಹಣ್ಣು ತೆಗೆದುಕೊಂಡು ಆಕೆಯ ಮನೆಗೆ ಹೋದ. ಮೂರನೆಯ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ಬಾಗಿಲು ತೆರೆದವಳು ಆಕೆಯ ನಾದಿನಿ.

"ಅತ್ತಿಗೆ, ನಿಮ್ಮ ಆಫೀಸಿನವರು!"

"ಬನ್ನಿ ಸರ್. ನೀವೇ ಬಂದ್ರಿ ಅಂದ್ರೆ ನಾನೂ ಲೆಕ್ಕಕ್ಕೆ ಇದ್ದೀನಿ ಅಂತಾಯ್ತು." ಕನ್ನಡಿಯಕ್ಕ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. "ಕೆಲಸ ಏನಾಯ್ತು? ಯಾರು ಉಜ್ಜುತಿದ್ದಾರೆ?"

"ನಾನೇ ಅಕ್ಕ."

ಆಕೆ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಕಪ್ಪಾದ ಉಗುರು ನೋಡಿದಳು. ಅವನ ಎದೆ ಹಗುರಾಯಿತು.

"ನೀಲಿ ಬಟ್ಟೆ ಬಳಸ್ತಿದ್ದೀರೋ, ಹಸಿರೋ?"

ಇದು ಬಲೆ. "ಮೊದಲು ನೀಲಿ, ಕೊನೆಗೆ ಹಸಿರು" ಎಂದ. ಬರುವ ಮುಂಚೆ ಆಕೆಯ ಕಪಾಟನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದ.

"ಸರಿ ಹಾಗಾದ್ರೆ." ಆಕೆ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡಳು. "ಸರ್, ಒಂದು ಕೇಳ್ತೀನಿ. ನಾನು ಮಾಡಿದ ಒಂಬತ್ತರಲ್ಲಿ ಎರಡನ್ನ ಬೆಳಕಿಗೆ ಹಿಡಿದಾಗ ಮಂಜು ಮಂಜಾಗಿ ಕಂಡ ಹಾಗಾಯ್ತು. ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಬಿದ್ದೆ. ಇಲ್ಲಿ ಕೂತ್ಕೊಂಡು ಅದೇ ಯೋಚನೆ. ಫೋಟೋದಲ್ಲಿ ಹೇಗೆ ಬಂತು?"

ಅವನು ಹಣ್ಣಿನ ಚೀಲವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ದಾರಿ ತಾನಾಗಿಯೇ ತೆರೆಯಿತು.

"ಅದೇನಿಲ್ಲ ಅಕ್ಕ. ಉಜ್ಜಿದ್ದು ಸ್ವಲ್ಪ ಕಮ್ಮಿಯಾಗಿತ್ತು. ಬೇರೆ ಯಾರಿಗೂ ಹೇಳಿಲ್ಲ ನಾನು. ಅದೇ ಜಾಗದ ಪಕ್ಕದಿಂದ ಬೇರೆ ಚೂರು ತೆಗೆದು ಸರಿಮಾಡಿದ್ದೀನಿ."

ಆಕೆಯ ಮುಖ ಸಣ್ಣದಾಯಿತು. ಇಪ್ಪತ್ತಾರು ವರ್ಷದಲ್ಲಿ ಯಾರೂ ಆಕೆಗೆ ಹಾಗೆಂದಿರಲಿಲ್ಲ. "ಕಣ್ಣು ಮಂಜಾಗ್ತಿದೆಯೇನೋ ನಂದು" ಎಂದು ನಾದಿನಿಯ ಕಡೆ ತಿರುಗಿ ನಗಲು ನೋಡಿದಳು. "ಉಪಕಾರ ಆಯ್ತು ಸರ್."

ಮೆಟ್ಟಿಲಿಳಿಯುವಾಗ ಅವನಿಗೆ ಸ್ವಲ್ಪ ಕಸಿವಿಸಿಯಾಯಿತು. ಬೀದಿಗೆ ಬರುವಷ್ಟರಲ್ಲಿ ಅದು ಹೋಗಿತ್ತು. ಇನ್ನು ಆಕೆ ಆ ಎರಡು ಚೂರಿನ ಮಾತೆತ್ತುವುದಿಲ್ಲ. ಎತ್ತಿದರೆ ಆಕೆಯದೇ ಮಾನ ಹೋಗುತ್ತದೆ.

ಐದನೆಯ ವಾರ ಇಲಾಖೆಯ ತನಿಖಾಧಿಕಾರಿ ಬಂದರು. ಇಪ್ಪತ್ತು ವರ್ಷ ಬೆಂಕಿಯ ನಡುವೆ ಏಣಿ ಹತ್ತಿ, ಮಂಡಿ ಸವೆದ ಮೇಲೆ ಏಣಿಗಳನ್ನು ಪರೀಕ್ಷಿಸುವ ಕೆಲಸಕ್ಕೆ ಬಂದವರು. ಎಲ್ಲರೂ ಅವರನ್ನು ಏಣಿ ಸಾಹೇಬರು ಎಂದೇ ಕರೆಯುತ್ತಿದ್ದರು. ಕೂರುವ ಮುಂಚೆ ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡುವ ಅಭ್ಯಾಸ. ತಮ್ಮದೇ ಕಂಪ್ಯೂಟರು, ತಮ್ಮದೇ ಎಣಿಸುವ ಪ್ರೋಗ್ರಾಂ ತಂದಿದ್ದರು. ಎರಡು ದಿನ ಕೂತು ಅರವತ್ತನಾಲ್ಕು ಚಿತ್ರಗಳ ಮೇಲೂ ಲಕ್ಷಗಟ್ಟಲೆ ಕಡ್ಡಿ ಎಸೆದರು. ನಾರಿನ ಪಾಲು ಎಣಿಸಿದರು, ಕುಲುಮೆಯ ತೂಕಕ್ಕೆ ತಾಳೆ ನೋಡಿದರು. ಒಂದು ಚುಕ್ಕಿಗೂ ಅದರ ಹತ್ತಿರದ ಚುಕ್ಕಿಗೂ ಇರುವ ಅಂತರ ಅಳೆದರು. ಪಕ್ಕದ ಕುರ್ಚಿಯಲ್ಲಿ ಅವನು ಮೈಯೆಲ್ಲ ಕಣ್ಣಾಗಿ ಕೂತಿದ್ದ.

ಎರಡನೆಯ ದಿನ ಸಂಜೆ ಅವರು ಕನ್ನಡಕ ತೆಗೆದರು. "ಎಲ್ಲ ಚೆನ್ನಾಗಿದೆ. ಅದೇ ನನಗೆ ಸರಿಹೋಗ್ತಿಲ್ಲ."

"ಅಂದ್ರೆ?"

"ಅಂದ್ರೆ ಅಂದ್ರೆ ಏನಿಲ್ಲ ಸ್ವಾಮಿ. ನನ್ನ ಗುಣ ಅದು. ಉರಿಯೋ ಮನೇಲಿ ನಾನು ಸರಾಸರಿ ಮೇಲೆ ಕಾಲಿಡಲ್ಲ, ಒಂದು ಮೆಟ್ಟಿಲ ಮೇಲೆ ಇಡ್ತೀನಿ." ಅವರು ನಲವತ್ತೊಂದನೆಯ ಚಿತ್ರ ತೆಗೆದರು. "ಈ ಗೀರು ಯಾಕೆ?"

"ಅದು ನನ್ನ ಕೈ ಸರ್. ಉಜ್ಜುವ ಅಕ್ಕ ಕೈ ಮುರ್ಕೊಂಡಿದ್ರು. ಅವರಷ್ಟು ನಯ ನನಗೆ ಬರಲ್ಲ."

"ಈ ಧೂಳು?"

"ಅದೂ ನಂದೇ" ಎಂದು ಅವನು ನಾಚಿದಂತೆ ನಕ್ಕ.

ಸಾಹೇಬರೂ ನಕ್ಕರು. "ಧೂಳಿದೆ ಅಂದ್ರೆ ಮನುಷ್ಯ ಮಾಡಿದ ಕೆಲಸ. ಆಯ್ತು. ಮುಂದಿನ ವಾರ ನಿಮ್ಮ ನಿರ್ದೇಶಕರ ಮುಂದೆ ಸಹಿ ಹಾಕ್ತೀನಿ." ಅವನ ಹಿಮ್ಮಡಿಯಿಂದ ನೆತ್ತಿಯವರೆಗೆ ಬೆಚ್ಚಗಾಯಿತು. ಧೂಳಿನ ಮೇಲಿನ ಪ್ರೀತಿ ದುಪ್ಪಟ್ಟಾಯಿತು.

ಆ ವಾರ ಅವನು ಬೇರೆಯೇ ಮನುಷ್ಯನಾಗಿದ್ದ. ಟೀ ಹೊತ್ತಿನಲ್ಲಿ ಮೇಡಂನ ಪಕ್ಕದಲ್ಲೇ ಕೂತ. "ಮೆಷೀನಿಗೆ ಬೇರೆ ಜಾಗ ಸಿಕ್ತಾ?" ಎಂದು ಕೇಳಿದ. ಆಕೆ, "ಹೊರಗಡೆ ಶೆಡ್ ಹಾಕಿಸ್ತಾರಂತೆ. ಗೆದ್ರಿ ಬಿಡಿ ಸರ್. ಏಣಿ ಗಟ್ಟಿಯಿದ್ರೆ ಸಾಕು" ಎಂದಳು. ಆ ಕೊನೆಯ ಮಾತಿನಲ್ಲಿ ಕೊಂಕಿದೆಯೇ ಎಂದು ಅವನು ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದೇ ಬೇಸರವಾಯಿತು.

ನಿರ್ದೇಶಕರಿಗೆ ಉತ್ಸಾಹ ಹೆಚ್ಚಿತು. ಮುಂಬಾಗಿಲ ಹಜಾರದಲ್ಲಿ ಬಣ್ಣ ಎದ್ದುಹೋದ ಒಂದು ದುಂಡು ಕಂಬವಿತ್ತು. ಅದಕ್ಕೆ ಏಣಿಯ ಒಳಚಿತ್ರವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ಸುತ್ತಿಸೋಣ, ಬಂದವರಿಗೆ ನಮ್ಮ ಕೆಲಸ ಏನೆಂದು ತಿಳಿಯಲಿ ಎಂದರು. ಚಿತ್ರ ಆರಿಸುವ ಗೌರವ ಅವನಿಗೇ ಬಂತು. ಏಳು ನಿಜವಾದವುಗಳಲ್ಲಿ ಒಂದನ್ನು ಕೊಡಬಹುದಿತ್ತು. ಕೊಡಲಿಲ್ಲ. ಮೂವತ್ತೇಳನೆಯದನ್ನು ಕೊಟ್ಟ. ಅವನು ಹುಟ್ಟಿಸಿದವುಗಳಲ್ಲೆಲ್ಲ ಅದೇ ಚೆಂದ. ಅದರ ಪಕ್ಕದಲ್ಲಿ ನಿಜವಾದವು ಪೆಚ್ಚಾಗಿ ಕಾಣುತ್ತಿದ್ದವು. ಅಚ್ಚಿನವನು ಫೋನು ಮಾಡಿ, "ಅಂಚಲ್ಲಿ ಸ್ವಲ್ಪ ಕತ್ತರಿಸ್ಲಾ ಸರ್?" ಎಂದು ಕೇಳಿದಾಗ, "ಒಂದು ಚುಕ್ಕಿಯನ್ನೂ ಮುಟ್ಟಬೇಡಿ, ಲೆಕ್ಕ ತಪ್ಪುತ್ತೆ" ಎಂದು ಗದರಿದ. ಕಂಬದ ಸುತ್ತಳತೆಗೆ ಸರಿಯಾಗಿ, ಪೂರ್ತಿ ಚಿತ್ರವನ್ನೇ ಹಿಗ್ಗಿಸಿ ಅಚ್ಚು ಹಾಕಿದರು.

ಸಹಿಯ ದಿನ ಹನ್ನೊಂದು ಗಂಟೆಗೆ ಎಲ್ಲರೂ ಹಜಾರದಲ್ಲಿ ಸೇರಿದ್ದರು. ಏಣಿ ಸಾಹೇಬರು ಮೇಜಿನ ಮುಂದೆ ಪೆನ್ನು ತೆರೆದು ಕೂತಿದ್ದರು. ಕನ್ನಡಿಯಕ್ಕ ಅವತ್ತೇ ಕಟ್ಟು ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದಿದ್ದಳು. ಕಂಬಕ್ಕೆ ಕಾಗದ ಅಂಟಿಸುವವನು ಸ್ವಲ್ಪ ತಡಮಾಡಿ, ಇನ್ನೂ ಸ್ಟೂಲಿನ ಮೇಲೆಯೇ ನಿಂತು ಕೊನೆಯ ಬಾರಿ ಬಟ್ಟೆಯಿಂದ ಒತ್ತಿ ಸವರುತ್ತಿದ್ದ. ಕೆಳಗಿಳಿದವನು ಕಂಬದ ಸುತ್ತ ಒಂದು ಸುತ್ತು ಬಂದ. ಮತ್ತೊಂದು ಸುತ್ತು ಬಂದ.

"ಮುಗೀತೇನಪ್ಪಾ?" ಎಂದರು ನಿರ್ದೇಶಕರು.

"ಮುಗೀತು ಸರ್. ಆದ್ರೆ ಸೇರಿಸಿದ ಜಾಗ ಎಲ್ಲಿ ಅಂತ ನನಗೇ ಸಿಗ್ತಿಲ್ಲ ನೋಡಿ!" ಅವನು ಹೆಮ್ಮೆಯಿಂದ ಗಟ್ಟಿಯಾಗಿ ನಕ್ಕ. "ಮೂವತ್ತು ವರ್ಷದಿಂದ ಅಂಟಿಸ್ತಿದ್ದೀನಿ. ಮರದ ಫೋಟೋ ಇರಲಿ, ಸಮುದ್ರದ್ದಿರಲಿ, ಫೋಟೋ ಸುತ್ತಿದ್ರೆ ಈ ತುದಿ ಆ ತುದಿ ಸೇರೋ ಕಡೆ ಗೆರೆ ಕಾಣಲೇಬೇಕು. ಈ ಕಡೆ ಅರ್ಧ ಕೊಂಬೆ, ಆ ಕಡೆ ಆಕಾಶ. ಇದರಲ್ಲಿ ಈ ಕಡೆ ಅರ್ಧ ಚುಕ್ಕಿ ಇದ್ರೆ ಆ ಕಡೆ ಉಳಿದರ್ಧ ರೆಡಿಯಾಗಿ ನಿಂತಿದೆ. ಒಂದಲ್ಲ, ಮೇಲಿಂದ ಕೆಳಗಿನ ತನಕ ಎಲ್ಲವೂ! ಯಾರು ಮಾಡಿದ ಡಿಸೈನು ಸರ್ ಇದು? ಗೋಡೆ ಕಾಗದದ ಕಂಪನಿಯವರಿಗೂ ಇಷ್ಟು ಚೆನ್ನಾಗಿ ಬರಲ್ಲ."

ನಿರ್ದೇಶಕರು ನಕ್ಕು ಸರಾಸರಿ ಸರ್ ಕಡೆ ಕೈ ತೋರಿಸಿದರು. ಅವನೂ ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ನಿಂತಿತು. ಏಣಿ ಸಾಹೇಬರು ಎದ್ದು ಬಂದು ಕಂಬವನ್ನು ಅಂಗೈಯಿಂದ ಸವರುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಕನ್ನಡಿಯಕ್ಕ ಜೇಬಿನಿಂದ ಭೂತಗನ್ನಡಿ ತೆಗೆದು, ಕಾಗದ ಸೇರಿದ ಜಾಗ ಹುಡುಕಿ, ಮೇಲಿಂದ ಕೆಳಗೆ ನೋಡಿದಳು. "ಇದು ನಾನು ಉಜ್ಜಿದ್ದಲ್ಲ. ನೀವು ಉಜ್ಜಿದ್ದೂ ಅಲ್ಲ" ಎಂದಳು. ಆಮೇಲೆ, ಬೈಯುವ ದನಿಯಲ್ಲಲ್ಲ, ಕೇಳಲೇಬೇಕಾದ್ದನ್ನು ಕೇಳುವ ದನಿಯಲ್ಲಿ: "ಹಾಗಾದ್ರೆ ಆ ಎರಡು ಚೂರು ನನ್ನ ಕೈತಪ್ಪಲ್ಲ, ಅಲ್ವಾ ಸರ್?"

ಹತ್ತೊಂಬತ್ತು ವರ್ಷದಿಂದ ಅವನ ಪ್ರೋಗ್ರಾಂ ಚುಕ್ಕಿ ಹಾಕುತ್ತಿದ್ದ ರೀತಿ ಒಂದೇ. ಬಲ ಅಂಚಿನಲ್ಲಿ ಚುಕ್ಕಿಯೊಂದು ಅರ್ಧ ಹೊರಗೆ ಬಿದ್ದರೆ, ಆ ಅರ್ಧವನ್ನು ತಂದು ಎಡ ಅಂಚಿನಲ್ಲಿ ಕೂರಿಸುವುದು. ಮೇಲೆ ಬಿದ್ದರೆ ಕೆಳಗೆ. ಹಾಗೆ ಮಾಡದಿದ್ದರೆ ಅಂಚಿನ ಬಳಿ ಕಡ್ಡಿಯ ಎಣಿಕೆ ಕೆಡುತ್ತದೆ. ಈ ಕಸುಬಿನವರಿಗೆ ಅದು ಉಸಿರಾಡಿದಷ್ಟು ಅಭ್ಯಾಸ. ಅವರ ಚಿತ್ರಕ್ಕೆ ಅಂಚೆಂಬುದೇ ಇಲ್ಲ, ಆದ್ದರಿಂದ ಅವನು ಅಂಚನ್ನು ಯಾವತ್ತೂ ನೋಡಿರಲಿಲ್ಲ. ನಿಜವಾಗಿ ಕೊಯ್ದ ಚೂರಿನಲ್ಲಿ ಬಲಗಡೆ ಏನಿದೆಯೆಂದು ಎಡಗಡೆಗೆ ಗೊತ್ತಿರುವುದಿಲ್ಲ. ಸಾಹೇಬರು ಉಳಿದ ಅರವತ್ತಮೂರು ಚಿತ್ರಗಳನ್ನು ತರಿಸಿ, ಒಂದೊಂದನ್ನೇ ಕೊಳವೆಯಂತೆ ಸುರುಳಿ ಸುತ್ತಿ ನೋಡಿದರು. ಐವತ್ತಾರು ಗೆರೆಯಿಲ್ಲದೆ ಕೂಡಿಕೊಂಡವು, ಏಳು ಕೂಡಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಕನ್ನಡಿಯಕ್ಕನಿಗೆ ಅವಳ ಕೈಯ ಮೇಲಿನ ನಂಬಿಕೆ ವಾಪಸು ಸಿಕ್ಕಿತು. ಆ ಏಣಿಯನ್ನು ಯಾರೂ ಹತ್ತಲಿಲ್ಲ, ಹಾಗಾಗಿ ಯಾರೂ ಬೀಳಲೂ ಇಲ್ಲ. ಅವನಿಗೆ ಕೆಲಸ ಹೋಯಿತು, ಕೋಣೆ ಹೋಯಿತು, ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದ ನಿಜವೂ ಅವುಗಳ ಜೊತೆಗೇ ಹೋಯಿತು.